ಹಿಂಬದಿ

ಗುಳೇದಗುಡ್ಡದ ಬಣ್ಣಗಾರ ಓಣಿಗೆ
ನಲವತ್ತೆರಡು ಪ್ರಶ್ನೆ ಹಿಡಿದು ಹೋದೆ.
ದಿನಕ್ಕೆ ಎಷ್ಟು ತಾಸು ಫೋನ್ ನೋಡುತ್ತೀರಿ,
ಬಂದ ಸುದ್ದಿಯನ್ನು ಎಷ್ಟು ಜನಕ್ಕೆ ದಾಟಿಸುತ್ತೀರಿ,
ಯಾರನ್ನು ಎಷ್ಟು ನಂಬುತ್ತೀರಿ, ಒಂದರಿಂದ ಐದರೊಳಗೆ
ಯಾವುದಾದರೂ ಅಂಕಿಗೆ ಸುತ್ತು ಹಾಕಿ.

ಸಂಕವ್ವ ಶೇಬಿನಕಟ್ಟಿ ಕುಣಿಮಗ್ಗದಿಂದ ಎದ್ದು ಬರಲಿಲ್ಲ.
ಮೊಣಕಾಲವರೆಗೆ ನೆಲದೊಳಗೆ ಇಳಿದ ಹೆಂಗಸು;
ಕಾಲು ಕೆಳಗೆ ಏನೋ ಕೇಳುತ್ತಿತ್ತು,
ಕೈ ಮೇಲೆ ಉತ್ತರ ಕೊಡುತ್ತಿತ್ತು.
"ಕೇಳಬೇ, ಲಾಳಿ ಮಾತ್ರ ನಿಲ್ಲಂಗಿಲ್ಲ."

ಕೇಳಿದೆ.
ಏಳನೆಯ ಪ್ರಶ್ನೆಯ ಹೊತ್ತಿಗೆ ಗೊತ್ತಾಯಿತು
ನನ್ನ ದನಿ ಮಗ್ಗದ ಲಟಕ್‌ಗೆ ಕಾಯುತ್ತಿದೆ ಎಂದು.

ಅವಳ ತಲೆಯ ಮೇಲೆ ತೂಗುತ್ತಿದ್ದವು
ದಾರದಲ್ಲಿ ಪೋಣಿಸಿದ ರಟ್ಟಿನ ಪಟ್ಟಿಗಳು, ನೂರಾರು,
ಎಣ್ಣೆಜಿಡ್ಡು ಕುಡಿದು ಸುಟ್ಟ ಹಪ್ಪಳದ ಬಣ್ಣ.
"ತೂತಿದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಮಲಗತೈತಿ.
ಅಷ್ಟ. ಆನಿಹೆಜ್ಜಿ, ಸೂಜಿಮಲ್ಲಿಗಿ, ಎಲ್ಲಾ ಅಷ್ಟರಾಗ."
ಹೌದು, ಇಲ್ಲ. ಹೌದು, ಹೌದು, ಇಲ್ಲ.
ನಮ್ಮ ಸರ್ ಮೂರು ತರಗತಿ ಹೇಳಿದ ಪಾಠವನ್ನು
ಒಂದು ಕಂಡಿಕೆ ಬದಲಿಸುವಷ್ಟರಲ್ಲಿ ಮುಗಿಸಿದಳು.

ಪುರಸಭೆ ಚುನಾವಣೆಯ ಹೊತ್ತಿಗೆ
ಈ ಒಂದು ಓಣಿಗೆ ಮೂರು ವಾಟ್ಸ್ಯಾಪ್ ಗುಂಪು.
ಒಂದರ ಅಡ್ಮಿನ್ ಅವಳ ಮೈದುನನ ಮಗ ಗ್ಯಾನಪ್ಪ,
ಇನ್ನೊಂದರದು ನೂಲಿಗೆ ಬಣ್ಣ ಹಾಕುವ ಖಾಸೀಂಸಾಬರ ಅಳಿಯ,
ಮೂರನೆಯದರದು ಯಾರೆಂದು ಯಾರಿಗೂ ಗೊತ್ತಿಲ್ಲ.
ಫೋಟೋದಲ್ಲಿ ಒಂದು ಗುಲಾಬಿ, ಅಷ್ಟೆ.

ಆ ಗುಲಾಬಿ ಒಂದು ರಾತ್ರಿ ವಿಡಿಯೋ ಕಳಿಸಿತು:
ನೀರಿನ ಟಾಕಿ, ಕತ್ತಲು, ಒಂದು ಚೀಲ, ಯಾರದೋ ಕೈ.
ಹದಿನೇಳು ಸೆಕೆಂಡು.
ಬೆಳಗಾಗುವುದರೊಳಗೆ ಆ ಕೈಗೆ
ಒಂದು ಹೆಸರು ಬಂದಿತ್ತು, ಒಂದು ಜಾತಿಯೂ.

ಖಾಸೀಂಸಾಬ ಅದ್ದಿಟ್ಟ ನೂಲು
ಎಂಟು ದಿನ ಅವನ ಕಟ್ಟೆಯ ಮೇಲೇ ಇತ್ತು,
ಒಣಗಿ, ಬಿಸಿಲಿಗೆ ಮತ್ತೂ ಒಣಗಿ.
ಯಾರೂ ಒಯ್ಯಲಿಲ್ಲ.

"ನೀವು?" ಎಂದೆ.
ಅದು ಫಾರ್ಮಿನಲ್ಲಿ ಇರದ ಪ್ರಶ್ನೆ.
ಲಾಳಿ ನಿಂತಿತು.

"ನಾನೂ ಒಯ್ಯಲಿಲ್ಲ."

ಆಮೇಲೆ ನೇಯ್ದ ಖಣದ ಅಂಚು ಹಿಡಿದು ತಿರುವಿದಳು.
ಮೇಲೆ ಹೂವು. ಕೆಳಗೆ ಸಡಿಲ ಎಳೆಗಳ ಗೋಜಲು,
ಎಲ್ಲಿ ಹರಿದಿತ್ತು, ಎಲ್ಲಿ ಉಗುಳು ಹಚ್ಚಿ ಹೊಸೆದದ್ದು,
ಎಲ್ಲಿ ಕಣ್ಣು ತೂಗಿತ್ತು.
"ತಿಳಿದಾಂವ ಬಂದ್ರ ಮದಲ ಇದನ್ನ ನೋಡತಾನ.
ನಾನೂ ನಲವತ್ತ ವರ್ಷ ಇದನ್ನ ನೋಡೇನಿ. ಇದರಾಗ ಮಾತ್ರ…"
ಫೋನು ಎತ್ತಿ ಬೋರಲು ಹಾಕಿದಳು.
ಸೀಳಿದ ಕವರು, ಅದರೊಳಗೆ ಐವತ್ತರ ನೋಟು, ರೇಶನ್ ಚೀಟಿ.
"ಇದರ ಹಿಂಬದಿ ಎಲ್ಲೈತಿ? ನೀ ಓದಿದಾಕಿ, ಹೇಳು."

ಓದಿದಾಕಿಯ ಬಳಿ ಮಾತುಗಳಿದ್ದವು.
ಯಾವ ಊರಿನ ಸರ್ವರು, ಯಾರ ದುಡ್ಡು,
ಸಿಟ್ಟು ಯಾಕೆ ಬೇಗ ಓಡುತ್ತದೆ, ಅಡಿಟಿಪ್ಪಣಿ ಸಮೇತ.
ಆ ಗೋಜಲಿನ ಮುಂದೆ
ಅವೂ ಮೇಲ್ಬದಿಯೇ ಅನಿಸಿ ಸುಮ್ಮನಾದೆ.

"ಒಂಬತ್ತನೇ ದಿನ ಕೆಂಪ ನೂಲು ತೀರ್ತು. ಹೋದ್ನಿ.
ಅಂವ ಏನೂ ಕೇಳಲಿಲ್ಲ. ತೂಕ ಮಾಡಿ ಕೊಟ್ಟ.
ನಾನೂ ಏನೂ ಅನ್ನಲಿಲ್ಲ.
ಇದನ್ನ ಯಾ ಚೌಕದಾಗ ಬರಕೋತಿ?"

ಲಾಳಿ ಮತ್ತೆ ಓಡಿತು.
ಉಳಿದ ಪ್ರಶ್ನೆಗಳನ್ನು ಕೇಳಿದೆನೋ ಇಲ್ಲವೋ.

ಬಾಗಲಕೋಟೆಯ ಬಸ್ಸಿನಲ್ಲಿ, ಕಿಟಕಿಯ ಸೀಟು,
ಫೋನ್ ತೆರೆದರೆ ಎದುರಿಗೇ ನಿಂತಿತ್ತು ಜಾಹೀರಾತು:
ಅಸಲಿ ಗುಳೇದಗುಡ್ಡ ಖಣ, ಅರ್ಧ ಬೆಲೆ, ಇಂದೇ ಕೊನೆ.
ಮಶೀನಿನ ಆನೆಹೆಜ್ಜೆ. ಒಂದೂ ಎಳೆ ತಪ್ಪಿಲ್ಲ.
ನಾನು ಏನನ್ನೂ ಹುಡುಕಿರಲಿಲ್ಲ.
ಎರಡು ತಾಸು ಅವಳ ಮಗ್ಗದ ಪಕ್ಕ
ಬರೀ ಕೂತಿದ್ದೆ.

ಬೋರಲು ಹಾಕಿ ತೊಡೆಯ ಮೇಲಿಟ್ಟುಕೊಂಡೆ.
ಊರು ದಾಟಿತು, ಗುಡ್ಡ ದಾಟಿತು,
ಅದು ಬಿಸಿಯಾಗುತ್ತಲೇ ಇತ್ತು.